ಶಾಸಕರ ಪತ್ರ ಮತ್ತು ಶಾಸಕರ ಪ್ರಶ್ನೆ: ಒಂದು ತಾಂಡಾದ ಮನೆ, ಶಾಲೆ, ಭವನ

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ಲಂಬಾಣಿ ತಾಂಡಾದವನು, ನಮ್ಮ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. ನಮ್ಮಲ್ಲಿ 64 ಮನೆಗಳಿವೆ. 41 ಕುಟುಂಬಗಳಿಗೆ ಮನೆ ಜಾಗದ ಹಕ್ಕುಪತ್ರ ಬಂದಿದೆ, 23ಕ್ಕೆ ಬಂದಿಲ್ಲ. ಮಂಜೂರಾದ ಮನೆಗಳಲ್ಲಿ ಆರು ಅರ್ಧಕ್ಕೆ ನಿಂತಿವೆ. ಶಾಲೆಗೆ ಎರಡು ಕೊಠಡಿ, ಅದರಲ್ಲಿ ಒಂದು ಸೋರುತ್ತದೆ. 58 ಮಕ್ಕಳಿಗೆ ಇಬ್ಬರು ಶಿಕ್ಷಕರು. ಶಾಸಕರ ಬಳಿ ಮೂರು ಸಲ ಹೋದೆವು. ಮೂರು ಸಲವೂ ಗೌರವದಿಂದ ಮಾತನಾಡಿಸಿ ಪತ್ರ ಕೊಟ್ಟರು, ಪತ್ರದಿಂದ ಯಾವ ಕೆಲಸವೂ ಆಗಲಿಲ್ಲ. ಈಗ ಸಮುದಾಯ ಭವನ ಕೊಡುತ್ತೇವೆ ಎನ್ನುತ್ತಿದ್ದಾರೆ. ಅದನ್ನು ಒಪ್ಪಬೇಕೋ ಬೇಡವೋ ಎಂದು ತಾಂಡಾದಲ್ಲಿ ಎರಡು ಅಭಿಪ್ರಾಯಗಳಿವೆ. ಶಾಸಕರ ಕೈಯಲ್ಲಿ ನಿಜವಾಗಿ ಏನಿದೆ? ಅವರ ಬಳಿ ಏನನ್ನು ಕೇಳಬೇಕು?

ಉತ್ತರ: ಮೊದಲು ಆ ಪತ್ರದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯಾಗಿ ಅಂಥ ಪತ್ರಗಳನ್ನು ಸ್ವೀಕರಿಸುವ ಮೇಜಿನ ಹಿಂದೆ ನಾನು ಹಲವು ವರ್ಷ ಕುಳಿತಿದ್ದೇನೆ. ಶಾಸಕರ ಪತ್ರದ ಕೊನೆಯ ಸಾಲು ಹೆಚ್ಚುಕಡಿಮೆ ಯಾವಾಗಲೂ ಒಂದೇ: ‘ನಿಯಮಾನುಸಾರ ಪರಿಶೀಲಿಸಿ ಕ್ರಮ ಕೈಗೊಳ್ಳುವುದು.’ ಆ ಪತ್ರ ಟಪಾಲಿನಲ್ಲಿ ದಾಖಲಾಗುತ್ತದೆ, ಗುಮಾಸ್ತರ ಮೇಜಿಗೆ ಹೋಗುತ್ತದೆ, ಗುಮಾಸ್ತರು ನಿಯಮವನ್ನು ನೋಡುತ್ತಾರೆ. ನಿಯಮದಲ್ಲಿ ಅವಕಾಶವಿದ್ದರೆ ಪತ್ರವಿಲ್ಲದೆಯೂ ಕೆಲಸ ಆಗಬೇಕಿತ್ತು. ಅವಕಾಶ ಇಲ್ಲದಿದ್ದರೆ ಪತ್ರವಿದ್ದರೂ ಆಗುವುದಿಲ್ಲ. ಶಾಸಕರು ನಿಮಗೆ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಎದ್ದರೆ ಮನೆಯ ಮುಂದೆ ನೂರು ಜನ ನಿಂತಿರುವಾಗ, ಬಂದವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗದೆ ಅವರು ಕೊಡುವ ವಸ್ತು ಆ ಪತ್ರ. ಆದರೆ ಅದಕ್ಕಿಂತ ಬಲವಾದದ್ದು ಅವರ ಬಳಿ ಇದೆ. ಅದನ್ನು ಕೇಳಬೇಕಾದ ರೀತಿಯೇ ಬೇರೆ.

ಶಾಸಕರು ಒಬ್ಬರೇ ಆದರೂ ಅವರು ಕೂರುವ ಕುರ್ಚಿಗಳು ಹಲವು, ಪ್ರತಿ ಕುರ್ಚಿಗೂ ಬೇರೆ ಬೇರೆ ಅಧಿಕಾರ. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ವಿಷಯದಲ್ಲಿ ಅವರು ಕಾಮಗಾರಿಯನ್ನು ಸೂಚಿಸುತ್ತಾರೆ, ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. ತಾಲ್ಲೂಕಿನ ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ತ್ರೈಮಾಸಿಕ ಕೆಡಿಪಿ ಸಭೆಗೆ ಅವರೇ ಅಧ್ಯಕ್ಷರು. ಅಲ್ಲಿ ತಹಶೀಲ್ದಾರ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಕಾರ್ಯನಿರ್ವಾಹಕ ಅಧಿಕಾರಿ, ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಎದುರಿಗೆ ಕುಳಿತು ಉತ್ತರ ಹೇಳಬೇಕು. ಪಟ್ಟಣಗಳಲ್ಲಿ ನಿವೇಶನ ಮತ್ತು ಮನೆಯ ಫಲಾನುಭವಿಗಳನ್ನು ಆರಿಸುವ ಆಶ್ರಯ ಸಮಿತಿಗೂ, ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಸಾಗುವಳಿ ಮಾಡುತ್ತಿರುವವರ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿಗೂ ಅವರು ಅಧ್ಯಕ್ಷರಾಗಿರುತ್ತಾರೆ. ಇವೆಲ್ಲಕ್ಕಿಂತ ದೊಡ್ಡದು, ನೀವು ಮತ ಹಾಕಿ ಅವರನ್ನು ಕಳುಹಿಸಿದ ಕುರ್ಚಿ: 224 ಸದಸ್ಯರ ವಿಧಾನಸಭೆಯಲ್ಲಿ ಕಾನೂನು ಮಾಡುವ, ಬಜೆಟ್ಟಿಗೆ ಒಪ್ಪಿಗೆ ಕೊಡುವ, ಸಚಿವರನ್ನು ಪ್ರಶ್ನಿಸುವ ಕುರ್ಚಿ. ನೀವು ಮೂರು ಸಲವೂ ಹೋದದ್ದು ಅವರ ಮನೆಯ ಬಾಗಿಲಿಗೆ. ಅಲ್ಲಿ ಅವರ ಬಳಿ ಪತ್ರದ ಹೊರತು ಕೊಡಲು ಹೆಚ್ಚೇನೂ ಇರುವುದಿಲ್ಲ.

ಹಕ್ಕುಪತ್ರದಿಂದ ಶುರು ಮಾಡೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಿಮ್ಮ 41 ಕುಟುಂಬಗಳ ಕೈಗೆ ಹಕ್ಕುಪತ್ರ ಬಂದದ್ದು ಯಾರದೋ ಶಿಫಾರಸಿನಿಂದಲ್ಲ, ಕಾನೂನಿನಿಂದ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಕ್ಯಾಂಪುಗಳಲ್ಲಿ ತಲೆಮಾರುಗಳಿಂದ ಜನ ಬದುಕಿದ್ದರೂ ಕಂದಾಯ ದಾಖಲೆಯಲ್ಲಿ ಆ ಊರುಗಳೇ ಇರಲಿಲ್ಲ. ಪಹಣಿಯಲ್ಲಿ ಅದು ಯಾರದೋ ಹೊಲ ಅಥವಾ ಸರ್ಕಾರಿ ಗೋಮಾಳ. ಇದನ್ನು ಸರಿಪಡಿಸಲು 2016ರಲ್ಲಿ ರಾಜ್ಯ ವಿಧಾನಮಂಡಲ ಭೂ ಸುಧಾರಣಾ ಕಾಯ್ದೆಗೆ 38ಎ ಕಲಮನ್ನು ಸೇರಿಸಿತು; ರಾಷ್ಟ್ರಪತಿಗಳ ಅಂಕಿತ ಪಡೆದು 2017ರಲ್ಲಿ ಅದು ಜಾರಿಗೆ ಬಂತು. ಖಾಸಗಿ ಜಮೀನಿನಲ್ಲಿರುವ ದಾಖಲೆರಹಿತ ಜನವಸತಿಗೆ ಆ ಕಲಂ ಅನ್ವಯಿಸಿದರೆ, ಸರ್ಕಾರಿ ಜಮೀನಿನಲ್ಲಿರುವುದಕ್ಕೆ ಭೂ ಕಂದಾಯ ಕಾಯ್ದೆಯ 94ಡಿ ಕಲಂ ಅನ್ವಯಿಸುತ್ತದೆ. ಆಗ ಕಂದಾಯ ಸಚಿವರಾಗಿದ್ದ ಕಾಗೋಡು ತಿಮ್ಮಪ್ಪನವರು 1951ರ ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡಿನವರೇ. ‘ಉಳುವವನೇ ಹೊಲದೊಡೆಯ’ ಎಂಬ 1974ರ ಮಾತಿನ ಮುಂದಿನ ಹೆಜ್ಜೆಯಾಗಿ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಆಗ ಚಾಲ್ತಿಗೆ ಬಂತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರಿಂದ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾದಾಗ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ಜನವಸತಿಗಳು ಕಂದಾಯ ಗ್ರಾಮಗಳೆಂದು ಘೋಷಣೆಯಾಗಿದ್ದವು. ಒಂದು ಪಕ್ಷದ ಸರ್ಕಾರ ತಂದ ಕಾನೂನಿನ ಫಲವನ್ನು ಇನ್ನೊಂದು ಪಕ್ಷದ ಸರ್ಕಾರ ಹಂಚಿತು. ಶಾಸನಸಭೆಯ ಕೆಲಸಕ್ಕಿರುವ ಆಯುಸ್ಸು ಶಿಫಾರಸು ಪತ್ರಕ್ಕೆ ಇರಲಾರದು ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಹಾಗಾದರೆ 23 ಕುಟುಂಬಗಳಿಗೆ ಏಕೆ ಬಂದಿಲ್ಲ? ನನ್ನ ಅನುಭವದಲ್ಲಿ ಇಂಥ ಕಡೆ ಮೂರು ಕಾರಣಗಳಲ್ಲಿ ಒಂದಿರುತ್ತದೆ. ಸರ್ವೆ ನಡೆದ ದಿನ ಆ ಕುಟುಂಬ ಕೂಲಿ ಅರಸಿ ಗುಳೆ ಹೋಗಿದ್ದು, ಬೀಗ ಹಾಕಿದ ಮನೆಯನ್ನು ಸರ್ವೆಯರ್ ಬಿಟ್ಟು ಮುಂದೆ ಹೋಗಿರಬಹುದು. ಅಥವಾ ಆ ಮನೆಗಳು ಪಕ್ಕದ ಸರ್ವೆ ನಂಬರಿನಲ್ಲಿದ್ದು, ಅಧಿಸೂಚನೆಯಲ್ಲಿ ಆ ನಂಬರ್ ಬಿಟ್ಟುಹೋಗಿರಬಹುದು. ಅಥವಾ ಆ ಜಾಗ ಅರಣ್ಯವಾಗಿರಬಹುದು. ಮೊದಲ ಎರಡಕ್ಕೆ ತಹಶೀಲ್ದಾರ್ ಕಚೇರಿಯಲ್ಲಿ ಪರಿಹಾರವಿದೆ. ಕೆಡಿಪಿ ಸಭೆಯಲ್ಲಿ ಶಾಸಕರು ಮನಸ್ಸು ಮಾಡಿದರೆ ಮರುಸರ್ವೆಗೆ ದಿನಾಂಕವನ್ನೇ ನಿಗದಿ ಮಾಡಿಸಬಹುದು. ಮೂರನೆಯದು ಮಾತ್ರ ಕಷ್ಟದ್ದು. ಅರಣ್ಯ ಜಮೀನಿಗೆ 94ಡಿ ಅನ್ವಯಿಸುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಮೂಲಕ ಅರ್ಜಿ ಹಾಕಬೇಕು, ಮತ್ತು ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡದಲ್ಲಿ ಇಲ್ಲದ ಕಾರಣ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ಕೊಡಬೇಕಾಗುತ್ತದೆ. ಇದು ಕೇಂದ್ರದ ಕಾನೂನು. ಶಾಸಕರು ‘ನಾನು ಮಾಡಿಸಿಕೊಡುತ್ತೇನೆ’ ಎಂದರೆ ಆ ಮಾತನ್ನು ನೆಚ್ಚಿಕೊಂಡು ಕೂರಬೇಡಿ. ಆದ್ದರಿಂದ ಆ 23 ಮನೆಗಳು ಯಾವ ಸರ್ವೆ ನಂಬರಿನಲ್ಲಿವೆ ಎಂಬುದನ್ನು ಪಹಣಿ ತೆಗೆಸಿ ನೋಡುವುದು ನಿಮ್ಮ ಮೊದಲ ಕೆಲಸ.

ಒಂದು ತಾಂಡಾದ ಹೆಣ್ಣುಮಗಳೊಬ್ಬರನ್ನು ಇಲ್ಲಿ ನೆನೆಯಬೇಕು. ಅವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಮಗಳ ಶಾಲೆಯ ನೋಟ್‌ಬುಕ್ಕಿನ ನಡುವಿನ ಎರಡು ಹಾಳೆಗಳಲ್ಲಿ ತಾಂಡಾದ ನಕ್ಷೆ ಬರೆಸಿಕೊಂಡು ಬಂದಿದ್ದರು: ಸೇವಾಲಾಲ್ ಗುಡಿ, ಬೋರ್‌ವೆಲ್, ತಾಂಡಾದ ಮುಖ್ಯಸ್ಥನಾದ ನಾಯಕನ ಮನೆ, ಅವನ ಸಹಾಯಕ ಕಾರಭಾರಿಯ ಮನೆ, ಸಾಲಾಗಿ ಚೌಕಗಳು. ಹಕ್ಕುಪತ್ರ ಬಂದ ಮನೆಗೆ ನೀಲಿ ಗುರುತು, ಬಾರದ ಮನೆಗೆ ಕೆಂಪು. ಕೆಂಪು ಚೌಕಗಳೆಲ್ಲ ಹಳ್ಳದ ಆಚೆ ಬದಿಯಲ್ಲಿದ್ದವು. ಅದನ್ನು ನೋಡಿದ ಸರ್ವೆಯರ್ ತಾವಾಗಿಯೇ, ‘ಹಳ್ಳದ ಆಚೆ ಬೇರೆ ಸರ್ವೆ ನಂಬರ್, ನಮ್ಮ ಪಟ್ಟಿಯಲ್ಲಿ ಅದು ಬಂದೇ ಇಲ್ಲ’ ಎಂದರು. ಎರಡು ವರ್ಷಗಳ ಮನವಿ ಪತ್ರಗಳಿಂದ ಹೊರಬರದಿದ್ದ ಸಂಗತಿ ಆ ಎರಡು ಹಾಳೆಗಳಿಂದ ಹೊರಬಂತು.

ಇನ್ನು ಅರ್ಧಕ್ಕೆ ನಿಂತ ಆರು ಮನೆಗಳು. ಗ್ರಾಮೀಣ ಭಾಗದಲ್ಲಿ ರಾಜ್ಯದ ವಸತಿ ಯೋಜನೆಗಳನ್ನು, ಅಂದರೆ ಬಸವ ವಸತಿ, ದೇವರಾಜ ಅರಸು ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳನ್ನು, ನಡೆಸುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಸಾಮಾನ್ಯ ವರ್ಗದವರಿಗೆ 1.20 ಲಕ್ಷ, ಪರಿಶಿಷ್ಟರಿಗೆ ಗ್ರಾಮೀಣ ಭಾಗದಲ್ಲಿ 1.75 ಲಕ್ಷ ರೂಪಾಯಿ ಸಹಾಯಧನ. ಅದು ಒಂದೇ ಕಂತಿನಲ್ಲಿ ಬರುವುದಿಲ್ಲ. ತಳಪಾಯ, ಗೋಡೆ, ಛಾವಣಿ, ಪೂರ್ಣ ಎಂಬ ಹಂತಗಳಲ್ಲಿ, ಪಂಚಾಯಿತಿಯವರು ಸ್ಥಳಕ್ಕೆ ಬಂದು ಜಿಪಿಎಸ್ ಫೋಟೊ ತೆಗೆದು ಏರಿಸಿದ ಮೇಲೆ ಫಲಾನುಭವಿಯ ಖಾತೆಗೆ ಜಮೆಯಾಗುತ್ತದೆ. ಈ ವ್ಯವಸ್ಥೆ ಬಂದದ್ದು ಕಟ್ಟದ ಮನೆಗೆ ಬಿಲ್ಲು ಮಾಡುವುದನ್ನು ತಡೆಯಲು, ಮತ್ತು ಅದು ಒಳ್ಳೆಯದನ್ನೇ ಮಾಡಿದೆ. ಆದರೆ ತಾಂಡಾದ ಬದುಕಿನ ಕಾಲಮಾನ ಅದಕ್ಕೆ ಗೊತ್ತಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಲು ಹೊರಟುಬಿಡುತ್ತಾರೆ. ಫೋಟೊದಲ್ಲಿ ಫಲಾನುಭವಿ ಮನೆಯ ಮುಂದೆ ನಿಂತಿರಬೇಕು; ಮನೆ ಇರುವುದು ಹೆಣ್ಣುಮಕ್ಕಳ ಹೆಸರಿನಲ್ಲಿ; ಅವರು ಯಾವುದೋ ಸಕ್ಕರೆ ಕಾರ್ಖಾನೆಯ ಹೊಲದಲ್ಲಿರುತ್ತಾರೆ. ಕಿಟಕಿ ಮಟ್ಟಕ್ಕೆ ಬಂದ ಗೋಡೆ, ಮೇಲೆ ತಗಡು, ತಗಡಿನ ಮೇಲೆ ಕಲ್ಲು: ಇದು ಎಲ್ಲ ತಾಂಡಾಗಳಲ್ಲೂ ಕಾಣುವ ಚಿತ್ರ. ಗಡುವು ಮೀರಿದರೆ ನಿಗಮದ ತಂತ್ರಾಂಶದಲ್ಲಿ ಆ ಮನೆ ‘ಬ್ಲಾಕ್’ ಆಗುತ್ತದೆ. ಒಮ್ಮೆ ಬ್ಲಾಕ್ ಆದ ಮನೆಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ತೆರೆಯಲಾರರು, ಕಾರ್ಯನಿರ್ವಾಹಕ ಅಧಿಕಾರಿಯೂ ತೆರೆಯಲಾರರು.

ಶಾಸಕರ ತೂಕ ಕೆಲಸಕ್ಕೆ ಬರುವುದು ಇಲ್ಲಿ. ಬ್ಲಾಕ್ ಆದ ಮನೆಗಳನ್ನು ಮತ್ತೆ ತೆರೆಯುವ ತೀರ್ಮಾನ ಬೆಂಗಳೂರಿನಲ್ಲಿ, ನಿಗಮ ಮತ್ತು ವಸತಿ ಇಲಾಖೆಯ ಮಟ್ಟದಲ್ಲಿ ಆಗುತ್ತದೆ. ಹಲವು ಶಾಸಕರು ಸದನದಲ್ಲಿ ಕೇಳಿ ಇಂಥ ಮನೆಗಳನ್ನು ತೆರೆಸಿದ್ದಾರೆ. ಆರು ಫಲಾನುಭವಿಗಳ ಹೆಸರು, ಮನೆಯ ಸಂಕೇತ ಸಂಖ್ಯೆ, ಮಂಜೂರಾದ ವರ್ಷ, ಈಗ ನಿಂತಿರುವ ಹಂತ, ಬಂದಿರುವ ಕಂತು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಪಿಡಿಒ ಅವರ ಸಹಿ ಹಾಕಿಸಿ ಕೊಟ್ಟರೆ, ಶಾಸಕರು ಅದನ್ನು ಕೈಯಲ್ಲಿ ಹಿಡಿದು ನಿಗಮಕ್ಕೆ ಹೋಗಬಹುದು. ‘ನಮ್ಮ ತಾಂಡಾದಲ್ಲಿ ಮನೆಗಳು ನಿಂತಿವೆ ಸಾಹೇಬ್ರೆ’ ಎಂಬ ಮಾತನ್ನು ಹಿಡಿದು ಯಾರೂ ಎಲ್ಲಿಗೂ ಹೋಗಲಾರರು. ಹೊಸ ಮನೆಗಳ ವಿಷಯದಲ್ಲಿ ಮಾತ್ರ ಶಾಸಕರ ಮುಂದೆ ಹೆಸರಿನ ಪಟ್ಟಿ ಹಿಡಿಯಬೇಡಿ. ಹಳ್ಳಿಗಳಲ್ಲಿ ಫಲಾನುಭವಿಯನ್ನು ಆರಿಸುವ ಅಧಿಕಾರ ಗ್ರಾಮಸಭೆಯದು. ಶಾಸಕರ ಮನೆಯಿಂದ ಬಂದ ಪಟ್ಟಿಯನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸುಮ್ಮನೆ ಬರೆದುಕೊಳ್ಳುವ ರೂಢಿ ಹಲವೆಡೆ ಇದೆ. ನಿಮ್ಮವರೇ ಆ ಪಟ್ಟಿಯಲ್ಲಿದ್ದರೂ ಅದನ್ನು ಒಪ್ಪಬೇಡಿ ಎಂದು ನಾನು ಬೇಡಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಸಲ ಅದೇ ದಾರಿಯಲ್ಲಿ ನಿಮ್ಮ ತಾಂಡಾದ ವಿಧವೆಯ ಹೆಸರು ಹೋಗಿ ಬೇರೆ ಯಾರದೋ ಹೆಸರು ಬರುತ್ತದೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀವು ಬರಿ ಬೇಡುವವರಲ್ಲ. ಎಸ್‌ಡಿಎಂಸಿ ಅಧ್ಯಕ್ಷರಾಗಿ ನಿಮಗೆ ಕಾನೂನಿನ ಸ್ಥಾನವಿದೆ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು 2001ರಲ್ಲೇ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾದದ್ದು ಶಾಲೆಯ ನಿರ್ವಹಣಾ ಸಮಿತಿ, ಅಂದರೆ ನಮ್ಮಲ್ಲಿ ಎಸ್‌ಡಿಎಂಸಿ, ಮತ್ತು ಸರ್ಕಾರದ ಯೋಜನೆ ಹಾಗೂ ಅನುದಾನಕ್ಕೆ ಆ ದಾಖಲೆಯೇ ಆಧಾರವಾಗಬೇಕು. ಇಷ್ಟು ಬಲವಾದ ಮಾತು ಕಾಯ್ದೆಯಲ್ಲಿದ್ದರೂ, ನಾನು ನೋಡಿದ ಹೆಚ್ಚಿನ ಶಾಲೆಗಳಲ್ಲಿ ಆ ಯೋಜನೆ ಮುಖ್ಯೋಪಾಧ್ಯಾಯರು ವರ್ಷದ ಕೊನೆಗೆ ಭರ್ತಿ ಮಾಡುವ ಒಂದು ನಮೂನೆಯಾಗಿ ಉಳಿದಿದೆ.

ಸೋರುವ ಕೊಠಡಿಯ ಬಗ್ಗೆ ಶಾಸಕರ ಬಳಿ ಹೋಗುವ ಮುಂಚೆ ಮುಖ್ಯೋಪಾಧ್ಯಾಯರ ಜೊತೆ ಕುಳಿತು ಶಾಲೆಗಳ ವಾರ್ಷಿಕ ಮಾಹಿತಿ ತುಂಬುವ ಯು-ಡೈಸ್ ನಮೂನೆಯನ್ನು ತೆರೆಸಿ ನೋಡಿ. ಪ್ರತಿ ಶಾಲೆಯ ಕೊಠಡಿಗಳು ಸುಸ್ಥಿತಿಯಲ್ಲಿವೆಯೇ, ಸಣ್ಣ ದುರಸ್ತಿ ಬೇಕೇ, ದೊಡ್ಡ ದುರಸ್ತಿ ಬೇಕೇ ಎಂದು ಅದರಲ್ಲಿ ವರ್ಷವರ್ಷವೂ ನಮೂದಾಗುತ್ತದೆ. ಒಂದು ಶಾಲೆಯಲ್ಲಿ ಮಳೆಗಾಲದಲ್ಲಿ ಮಕ್ಕಳು ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಗೋಡೆಗೆ ಒತ್ತಿ ಕೂರುತ್ತಿದ್ದರು. ಚಾವಣಿಯ ಸಿಮೆಂಟು ಉದುರಿ ಕಬ್ಬಿಣ ಕಾಣುತ್ತಿತ್ತು. ಅದೇ ಕೊಠಡಿ ಯು-ಡೈಸಿನಲ್ಲಿ ಸತತವಾಗಿ ‘ಸುಸ್ಥಿತಿ’ ಎಂದು ನಮೂದಾಗಿತ್ತು, ಹಿಂದಿನ ವರ್ಷದ ಮಾಹಿತಿಯನ್ನೇ ನಕಲು ಮಾಡುತ್ತಾ ಬಂದಿದ್ದರು. ದುರಸ್ತಿಗೆ ಹಣ ಬಂದಾಗ ಆ ಶಾಲೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎಂಜಿನಿಯರ್ ಬಂದು ಶಿಥಿಲವೆಂದು ಪ್ರಮಾಣಪತ್ರ ಕೊಡದೆ ಹಳೆಯ ಕೊಠಡಿಯನ್ನು ಕೆಡವುವಂತಿಲ್ಲ. ಶಾಲೆಯ ಜಾಗ ಶಾಲೆಯ ಹೆಸರಿನಲ್ಲೇ ಇದೆಯೇ ಎಂಬುದನ್ನೂ ನೋಡಿ: ಯಾರೋ ಹಿರಿಯರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗದಲ್ಲಿ ಶಾಲೆ ಕಟ್ಟಿ, ಪಹಣಿಯಲ್ಲಿ ಇನ್ನೂ ಅವರ ಹೆಸರೇ ಉಳಿದು, ಮೊಮ್ಮಕ್ಕಳು ತಕರಾರು ತೆಗೆದಿರುವ ಪ್ರಸಂಗಗಳು ನಮ್ಮಲ್ಲಿ ಸಾಕಷ್ಟಿವೆ.

ಹಣ ಎಲ್ಲಿಂದ ಬರಬಹುದು ಎಂಬುದನ್ನು ತಿಳಿದುಕೊಂಡರೆ ಕೇಳುವುದು ಸುಲಭ. ಸಮಗ್ರ ಶಿಕ್ಷಣ ಯೋಜನೆಯಡಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಶಾಲಾ ಅನುದಾನವಿದೆ; ಸುಣ್ಣಬಣ್ಣ, ಸೀಮೆಸುಣ್ಣ, ಶೌಚಾಲಯದ ಸ್ವಚ್ಛತೆಗೆ ಅದು ಸರಿಹೋಗುತ್ತದೆ, ಚಾವಣಿಗೆ ಸಾಲದು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು ಮತ್ತು ನೀರು ಉಚಿತವೆಂದು ಮುಖ್ಯಮಂತ್ರಿಗಳು ಘೋಷಿಸಿದರು. ನಿಮ್ಮ ಶಾಲೆ ಈಗಲೂ ಕರೆಂಟ್ ಬಿಲ್ಲನ್ನು ಈ ಅನುದಾನದಿಂದ ಕಟ್ಟುತ್ತಿದ್ದರೆ ಅದನ್ನು ನಿಲ್ಲಿಸಿ ವಿಚಾರಿಸಿ. ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ. ಆದರೆ 2011ರ ಜನಗಣತಿಯ 6.11 ಕೋಟಿ ಜನರನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2.73 ಲಕ್ಷ ಜನ. ತಲೆಗೆ ವರ್ಷಕ್ಕೆ 73 ರೂಪಾಯಿಯಷ್ಟೇ ಬೀಳುತ್ತದೆ. ಎಲ್ಲ ಊರುಗಳ ಎಲ್ಲ ಬೇಡಿಕೆಗಳನ್ನೂ ಆ ಹಣದ ಮೇಲೆ ಹೇರುವುದು ನ್ಯಾಯವಲ್ಲ.

ನಿಮ್ಮ ಭಾಗಕ್ಕೆ ಇನ್ನೊಂದು ದಾರಿಯಿದೆ, ದಕ್ಷಿಣದ ಜಿಲ್ಲೆಗಳವರಿಗೆ ಅದಿಲ್ಲ. ಸಂವಿಧಾನದ 371ಜೆ ವಿಧಿಯಡಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಪ್ರತ್ಯೇಕ ಅನುದಾನ ಕೊಡುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂದು ಅಳೆದು ತೋರಿಸಿತು. ಮಂಡಳಿಯ ಹಣ ಹಂಚಿಕೆಗೆ ಇಂದಿಗೂ ಆ ಬಗೆಯ ಅಳತೆಯೇ ಆಧಾರ. ಈಚಿನ ವರ್ಷಗಳಲ್ಲಿ ಮಂಡಳಿಯು ‘ಅಕ್ಷರ ಆವಿಷ್ಕಾರ’ ಎಂಬ ಹೆಸರಿನಲ್ಲಿ ಅನುದಾನದ ಒಂದು ದೊಡ್ಡ ಪಾಲನ್ನು ಶಿಕ್ಷಣಕ್ಕೆಂದೇ ತೆಗೆದಿರಿಸಿದೆ. ತಾಲ್ಲೂಕಿನ ಕ್ರಿಯಾ ಯೋಜನೆ ಸಿದ್ಧವಾಗುವಾಗ ಶಾಸಕರ ಮಾತಿಗೆ ಅಲ್ಲಿ ಬೆಲೆಯಿದೆ. ಹೊಸ ಕೊಠಡಿಯನ್ನು ಈ ದಾರಿಯಲ್ಲಿ ಕೇಳಿ.

ಇಬ್ಬರೇ ಶಿಕ್ಷಕರು ಎಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ: ಐದು ತರಗತಿಗಳಿಗೆ ಇಬ್ಬರು, ಅವರಲ್ಲೂ ಒಬ್ಬರು ಬಿಸಿಯೂಟದ ಲೆಕ್ಕದಲ್ಲೋ ಸಭೆಯಲ್ಲೋ ಇರುತ್ತಾರೆ. ಆದರೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ನಿಮ್ಮಲ್ಲಿ 58 ಮಕ್ಕಳಿದ್ದಾರೆ. ಗುಳೆ ಹೋದ ಕುಟುಂಬಗಳ ಎಷ್ಟು ಮಕ್ಕಳ ಹೆಸರು ಹಾಜರಿ ಪುಸ್ತಕದಿಂದ ಬಿಟ್ಟುಹೋಗಿದೆ ಎಂದು ಮನೆಮನೆ ಎಣಿಸಿ ನೋಡಿ. ಮೂವರು ಮಕ್ಕಳು ಸಿಕ್ಕರೂ ನಿಮ್ಮ ಬೇಡಿಕೆ ಹಕ್ಕಾಗುತ್ತದೆ. ಶಿಕ್ಷಕರನ್ನು ಶಾಸಕರ ಪತ್ರದಿಂದ ವರ್ಗ ಮಾಡಿಸಿಕೊಳ್ಳುವ ಕಾಲ ಮುಗಿದಿದೆ. 2007ರಲ್ಲಿ ಬಂದ, 2020ರಲ್ಲಿ ಹೊಸದಾಗಿ ರೂಪುಗೊಂಡ ಶಿಕ್ಷಕರ ವರ್ಗಾವಣೆ ಕಾಯ್ದೆ, ಖಾಲಿ ಜಾಗಗಳನ್ನು ಶಿಕ್ಷಕರೇ ಸರದಿಯಲ್ಲಿ ಆರಿಸಿಕೊಳ್ಳುವ ಕೌನ್ಸೆಲಿಂಗ್ ಪದ್ಧತಿಯನ್ನು ತಂದಿತು. ತಮ್ಮ ಕೈಯಲ್ಲಿದ್ದ ಪ್ರಭಾವವನ್ನು ತಾವೇ ಕಾನೂನು ಮಾಡಿ ಬಿಟ್ಟುಕೊಟ್ಟ ಆ ಶಾಸನಸಭೆಗಳ ಬಗ್ಗೆ ನನಗೆ ಗೌರವವಿದೆ; ಪತ್ರ ತರಲು ಯಾರೂ ಇಲ್ಲದ ಎಷ್ಟೋ ಶಿಕ್ಷಕಿಯರು ಆ ಕಾಯ್ದೆಯಿಂದ ತಮ್ಮ ಮಕ್ಕಳಿರುವ ಊರಿಗೆ ಹೋಗಿ ಸೇರಿದರು. ಖಾಲಿ ಹುದ್ದೆಯಿದ್ದರೆ ಅತಿಥಿ ಶಿಕ್ಷಕರನ್ನು ಬಿಇಒ ಕೊಡಬಹುದು, ಅದನ್ನು ಕೆಡಿಪಿ ಸಭೆಯಲ್ಲಿ ಕೇಳಿಸಬೇಕು. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಋತುಮಾನದ ವಸತಿ ವ್ಯವಸ್ಥೆಗೆ ಸಮಗ್ರ ಶಿಕ್ಷಣದಲ್ಲೇ ಅವಕಾಶವಿದೆ. ನನ್ನ ಮಟ್ಟಿಗೆ ನಿಮ್ಮ ತಾಂಡಾಕ್ಕೆ ಹೊಸ ಕೊಠಡಿಗಿಂತಲೂ ಮೊದಲು ಬೇಕಾದದ್ದು ಇದು. ಅಜ್ಜಿಯೊಬ್ಬರು ಐದು ಮೊಮ್ಮಕ್ಕಳನ್ನು ಇಟ್ಟುಕೊಂಡು ಆರು ತಿಂಗಳು ಕಳೆಯುವ ಮನೆಗಳು ನಿಮ್ಮಲ್ಲಿ ಎಷ್ಟಿವೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಸಮುದಾಯ ಭವನದ ಬಗ್ಗೆ ಎರಡು ಅಭಿಪ್ರಾಯಗಳಿವೆ ಎಂದಿರಿ. ಎರಡರಲ್ಲೂ ಸತ್ಯವಿದೆ. ಪಟ್ಟಣದವರು ‘ಮತ್ತೊಂದು ಭವನವೇಕೆ’ ಎಂದು ಸುಲಭವಾಗಿ ಕೇಳುತ್ತಾರೆ. ಮಗಳ ಮದುವೆಗೆ ಕಲ್ಯಾಣ ಮಂಟಪದ ಬಾಡಿಗೆ ಕೊಡಲು ಸಾಲ ಮಾಡಿದವರಿಗೆ ಅದರ ಬೆಲೆ ಗೊತ್ತು. ಊರ ಗುಡಿಯ ಜಗಲಿ, ಊರ ಚಾವಡಿ ತಮ್ಮದಲ್ಲ ಎನಿಸಿಕೊಂಡು ಬಂದ ಜನಕ್ಕೆ ತಮ್ಮದೇ ಒಂದು ಸೂರು ಇರುವುದು ಮಾನದ ಪ್ರಶ್ನೆಯೂ ಹೌದು. ಆದರೆ ಕಟ್ಟಿದ ಎರಡನೇ ವರ್ಷಕ್ಕೆ ಕಿಟಕಿ ಕಿತ್ತುಹೋಗಿ, ಒಳಗೆ ತೊಗರಿ ಕಟ್ಟಿಗೆ ಒಟ್ಟಿ, ಬೀಗದ ಕೈ ಯಾರೋ ಒಬ್ಬರ ಮನೆಯ ಗೂಟದಲ್ಲಿ ತೂಗುತ್ತಿರುವ ಭವನಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಅವುಗಳ ಶಂಕುಸ್ಥಾಪನೆಯ ಕಲ್ಲು ಮಾತ್ರ ಗಟ್ಟಿಯಾಗಿರುತ್ತದೆ.

ಹಾಗಾಗಿ ಒಪ್ಪಿಕೊಳ್ಳಿ, ಆದರೆ ನಿಮ್ಮ ಷರತ್ತುಗಳ ಮೇಲೆ. ಜಾಗ ಗ್ರಾಮ ಪಂಚಾಯಿತಿಯ ಹೆಸರಿನಲ್ಲಿರಲಿ. ಸರ್ಕಾರಿ ಕಟ್ಟಡ ಕಟ್ಟುವ ನಿರ್ಮಿತಿ ಕೇಂದ್ರವೋ ಭೂಸೇನೆ ನಿಗಮದವರೋ (ಈಗಿನ ಕೆಆರ್‌ಐಡಿಎಲ್) ಕೆಲಸ ಶುರು ಮಾಡುವ ಮುಂಚೆ ಅಂದಾಜು ಪಟ್ಟಿಯ ಪ್ರತಿ ಕೇಳಿ; ಅದರಲ್ಲಿ ಶೌಚಾಲಯ, ನೀರಿನ ತೊಟ್ಟಿ, ಅಡುಗೆಯ ಕಟ್ಟೆ ಇವೆಯೇ ನೋಡಿ, ಏಕೆಂದರೆ ಅವಿಲ್ಲದ ಭವನದಲ್ಲಿ ಹೆಂಗಸರು ಅರ್ಧ ದಿನವೂ ಇರಲಾರರು. ಒಂದು ಬದಿಯ ಕೋಣೆಯನ್ನು ಕೂಸಿನ ಮನೆಗೆ ಮೀಸಲಿಡಿ ಎಂದು ಪಂಚಾಯಿತಿಯನ್ನು ಕೇಳಿ. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಇವನ್ನು ಆರಂಭಿಸಿತು. ಇನ್ನೊಂದು ಮೂಲೆಯಲ್ಲಿ ಪುಸ್ತಕಗಳ ಕಪಾಟು ಇರಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದ ಮೇಲೆ ಅನೇಕ ಕಡೆ ಜೀವ ಪಡೆದಿವೆ. ಅಲ್ಲಿಂದ ತಿಂಗಳಿಗೊಮ್ಮೆ ಪುಸ್ತಕ ತರಿಸಿಕೊಳ್ಳುವುದು ಕಷ್ಟವಲ್ಲ. ಬೀಗದ ಕೈ ನಾಯಕರ ಮನೆಯಲ್ಲೂ ಬೇಡ, ಶಾಸಕರ ಕಡೆಯವರ ಮನೆಯಲ್ಲೂ ಬೇಡ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಕೊಡಿ.

ಇಷ್ಟೆಲ್ಲ ಹೇಳಿದ ಮೇಲೆ, ಈ ಮೂರೂ ಕೆಲಸಗಳಿಗೆ ಶಾಸಕರ ಹತ್ತಿರ ಏಕೆ ಹೋಗಬೇಕಾಗಿದೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಗ್ರಾಮೀಣ ವಸತಿ, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ, ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಇವೆಲ್ಲವೂ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ಸೇರಿವೆ. ಆದರೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ನಿಮ್ಮ ಪರವಾಗಿ ಬಿಇಒ ಅವರನ್ನು ಕೇಳಬೇಕಾಗಿದ್ದ ತಾಲ್ಲೂಕು ಪಂಚಾಯಿತಿ ಸದಸ್ಯರೂ, ಜಿಲ್ಲಾ ಪಂಚಾಯಿತಿಯ ಶಿಕ್ಷಣ ಸ್ಥಾಯಿ ಸಮಿತಿಯೂ ಇಲ್ಲದಾಗಿ, ಎಲ್ಲ ಭಾರವೂ ಎಲ್ಲ ಅಧಿಕಾರವೂ ಶಾಸಕರ ಬಾಗಿಲಿಗೆ ಬಂದು ನಿಂತಿತು. ಇದು ಶಾಸಕರಿಗೂ ಒಳ್ಳೆಯದಲ್ಲ, ಊರಿಗೂ ಒಳ್ಳೆಯದಲ್ಲ. ಚರಂಡಿಯ ಲೆಕ್ಕ ನೋಡುತ್ತಾ ಕುಳಿತವರಿಗೆ ಸದನಕ್ಕೆ ಸಿದ್ಧವಾಗಿ ಹೋಗಲು ಪುರುಸೊತ್ತು ಸಿಗುವುದಿಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರಲ್ಲಿ ನಮ್ಮ ರಾಜ್ಯವೇ ಒಂದು ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಸದನ ಸೇರಿದ ವರ್ಷಗಳು ಅಪರೂಪ.

ಆ ಸದನದಲ್ಲೇ ನಿಮ್ಮ ಕೆಲಸ ಇದೆ. ಶಾಸಕರನ್ನು ಪತ್ರ ಕೇಳುವ ಬದಲು ಪ್ರಶ್ನೆ ಕೇಳಿಸಿ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಚುಕ್ಕೆ ರಹಿತವಾದರೂ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆ ಬೆಂಗಳೂರಿನಿಂದ ಹೊರಟರೆ ಜಿಲ್ಲಾಧಿಕಾರಿ, ತಹಶೀಲ್ದಾರ್, ಗ್ರಾಮ ಆಡಳಿತ ಅಧಿಕಾರಿಯವರೆಗೆ ಕೆಲವೇ ದಿನಗಳಲ್ಲಿ ಇಳಿದು, ಪ್ರತಿ ಹಂತದಲ್ಲೂ ಯಾರಾದರೊಬ್ಬರು ಸಹಿ ಹಾಕಿ ಲೆಕ್ಕ ಕೊಡಬೇಕಾಗುತ್ತದೆ. ‘ಎಲ್‌ಎ (ವಿಧಾನಸಭಾ) ಪ್ರಶ್ನೆ, ಇಂದೇ ಉತ್ತರಿಸಿ’ ಎಂಬ ಕೆಂಪು ಶಾಯಿಯ ಷರಾ ಬಿದ್ದ ಕಡತ ನನ್ನ ಮೇಜಿನ ಮೇಲೆ ಒಂದು ರಾತ್ರಿಯೂ ಮಲಗಿದ್ದಿಲ್ಲ. ಸಚಿವರು ಸದನದಲ್ಲಿ ಕೊಟ್ಟ ಮಾತನ್ನು ಸರ್ಕಾರಿ ಭರವಸೆಗಳ ಸಮಿತಿ ಹಿಂಬಾಲಿಸುತ್ತದೆ. ನೀವು ಶಾಸಕರಿಗೆ ಬರೆದುಕೊಡಬೇಕಾದ ಪ್ರಶ್ನೆ ಹೀಗಿರಬಹುದು: ‘ಅ) ಕ್ಷೇತ್ರದಲ್ಲಿ 94ಡಿ ಮತ್ತು 38ಎ ಅಡಿ ಗುರುತಿಸಲಾದ ದಾಖಲೆರಹಿತ ಜನವಸತಿಗಳೆಷ್ಟು, ಆ) ಅವುಗಳಲ್ಲಿ ಹಕ್ಕುಪತ್ರ ವಿತರಣೆಗೆ ಬಾಕಿ ಇರುವ ಕುಟುಂಬಗಳೆಷ್ಟು, ಕಾರಣವೇನು, ಇ) ಗುಳೆ ಹೋದ ಕಾರಣ ವಸತಿ ಯೋಜನೆಯಲ್ಲಿ ಬ್ಲಾಕ್ ಆದ ಮನೆಗಳೆಷ್ಟು, ಅವುಗಳನ್ನು ತೆರೆಯಲು ಸರ್ಕಾರ ಕೈಗೊಂಡ ಕ್ರಮವೇನು?’ ಈ ಪ್ರಶ್ನೆಗೆ ಬರುವ ಉತ್ತರ ನಿಮ್ಮ 23 ಮನೆಗಳಿಗೆ ಮಾತ್ರವಲ್ಲ, ಕ್ಷೇತ್ರದ ಎಲ್ಲ ತಾಂಡಾಗಳಿಗೂ ಆಗುತ್ತದೆ.

ಇನ್ನೊಬ್ಬರನ್ನೂ ಮರೆಯಬೇಡಿ. 75 ಸದಸ್ಯರ ವಿಧಾನ ಪರಿಷತ್ತಿನಲ್ಲಿ 25 ಮಂದಿ ಸ್ಥಳೀಯ ಸಂಸ್ಥೆಗಳ ಸದಸ್ಯರ ಮತದಿಂದಲೇ ಗೆದ್ದು ಬಂದವರು. ನಿಮ್ಮ ಗ್ರಾಮ ಪಂಚಾಯಿತಿ ಸದಸ್ಯರು ಅವರ ಮತದಾರರು. ಅವರಿಗೂ ಸ್ಥಳೀಯ ಅಭಿವೃದ್ಧಿ ನಿಧಿಯಿದೆ, ಪ್ರಶ್ನೆ ಕೇಳುವ ಹಕ್ಕಿದೆ, ಅವರ ಬಾಗಿಲಲ್ಲಿ ಜನಜಂಗುಳಿಯೂ ಕಡಿಮೆ.

ನೀವು ಬರೆದಿರುವುದು ಶ್ರಾವಣದಲ್ಲಿ. ದೀಪಾವಳಿಗೆ ತಾಂಡಾ ಖಾಲಿಯಾಗುತ್ತದೆ. ಅಷ್ಟರೊಳಗೆ, ಎಲ್ಲರೂ ಊರಲ್ಲಿರುವಾಗ, ಗ್ರಾಮಸಭೆ ಕರೆಯುವಂತೆ ಪಂಚಾಯಿತಿಗೆ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ. ಗುಳೆ ಹೋಗುವವರ ಹಾಜರಿಯಿಲ್ಲದೆ ಜನವರಿಯಲ್ಲಿ ನಡೆಯುವ ಗ್ರಾಮಸಭೆ ನಿಮ್ಮ ಪಾಲಿಗೆ ನಡೆದಂತಲ್ಲ. ನಕ್ಷೆ, ಆರು ಮನೆಗಳ ಪಟ್ಟಿ, ಮಕ್ಕಳ ಎಣಿಕೆ ಮತ್ತು ಶಾಲಾ ಅಭಿವೃದ್ಧಿ ಯೋಜನೆ, ಈ ನಾಲ್ಕು ಕಾಗದಗಳೂ ಆ ಹೊತ್ತಿಗೆ ಸಿದ್ಧವಾಗಲಿ. ಸದನಕ್ಕೆ ಕಳುಹಿಸುವ ಪ್ರಶ್ನೆಯ ಕರಡನ್ನು ನನಗೂ ಒಮ್ಮೆ ಕಳುಹಿಸಿ. ಸರ್ವೆ ನಂಬರುಗಳನ್ನು ಹೊಂದಿಸಿ ನೋಡಿ ತಿದ್ದಿಕೊಡುತ್ತೇನೆ.